ಪ್ರಶ್ನೆಯೇ ತಪ್ಪಿದ್ದರೆ ಅಂಕ ಯಾರಿಗೆ? ಪಬ್ಲಿಕ್ ಪರೀಕ್ಷೆಯ ಗಣಿತ ಪತ್ರಿಕೆ ಬಗ್ಗೆ

ಚಾಕ್‌ಪುಡಿ ಕೇಳಿದ್ದು:

ಎಸ್ಸೆಸ್ಸೆಲ್ಸಿ ಮಟ್ಟದ ಗಣಿತ ಪತ್ರಿಕೆ ತಯಾರಿಸುವವರಿಗೆ, ತಿದ್ದುವವರಿಗೆ ಒಂದು ಪ್ರಶ್ನೆ. ಪರೀಕ್ಷೆ ಮುಗಿದ ಸಂಜೆ "ಔಟ್ ಆಫ್ ಸಿಲೆಬಸ್", "ಪೇಪರ್ ಟಫ್" ಅಂತ ಗಲಾಟೆ ಆಗುವುದು ಮಾಮೂಲು. ಅದನ್ನು ಬಿಡಿ. ನಾನು ಕೇಳುತ್ತಿರುವುದು ಪ್ರಶ್ನೆಯೇ ತಪ್ಪಾಗಿರುವ ಪ್ರಸಂಗದ ಬಗ್ಗೆ: ಉತ್ತರವೇ ಇಲ್ಲದ್ದು, ಎರಡು ಉತ್ತರ ಇರುವುದು, ಕೀ ಉತ್ತರ ತಪ್ಪಿರುವುದು.

ಒಂದು ಉದಾಹರಣೆ ಕೊಡುತ್ತೇನೆ. "ಲಂಬಕೋನ ತ್ರಿಭುಜವೊಂದರ ವಿಕರ್ಣ 10 ಸೆಂ.ಮೀ. ಲಂಬಕೋನದ ಶೃಂಗದಿಂದ ವಿಕರ್ಣಕ್ಕೆ ಎಳೆದ ಎತ್ತರ 6 ಸೆಂ.ಮೀ. ಆದರೆ ವಿಸ್ತೀರ್ಣ ಎಷ್ಟು?" ಕೀ ಉತ್ತರ 30. ಅರ್ಧ × ಪಾದ × ಎತ್ತರ, ಮುಗಿಯಿತು. ಆದರೆ ಇಂಥ ತ್ರಿಭುಜ ಇರಲು ಸಾಧ್ಯವೇ ಇಲ್ಲ ಅಂತ ಒಬ್ಬರು ತಕರಾರು ತೆಗೆದಿದ್ದಾರೆ.

1. ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ಇಂಥವನ್ನು ಹಿಡಿಯುವುದು ಹೇಗೆ?
2. ಪರೀಕ್ಷೆ ಆಗಿಹೋದ ಮೇಲೆ ಗೊತ್ತಾದರೆ ಅಂಕ ಹಂಚುವ ನ್ಯಾಯವಾದ ದಾರಿ ಯಾವುದು? ಎಲ್ಲರಿಗೂ ಕೃಪಾಂಕ ಕೊಟ್ಟು ಕೈತೊಳೆದುಕೊಂಡರೆ ಸಾಕೇ?
3. ಆಕ್ಷೇಪಣೆ ಬರೆಯುವವರು ಹೇಗೆ ಬರೆದರೆ ಓದುತ್ತಾರೆ?

ಬೇರೆ ದೇಶಗಳಲ್ಲಿ ಆಗಿದ್ದು ಗೊತ್ತಿದ್ದರೆ ಅದನ್ನೂ ಹೇಳಿ.

---

ಕೈವಾರ:

ತಕರಾರು ತೆಗೆದವರು ಹೇಳಿದ್ದೇ ಸರಿ. ವಿಕರ್ಣವನ್ನೇ ವ್ಯಾಸ ಮಾಡಿಕೊಂಡು ವೃತ್ತ ಎಳೆಯಿರಿ. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಆಗಿರುವುದರಿಂದ ಮೂರನೇ ಶೃಂಗ ಆ ವೃತ್ತದ ಮೇಲೆಯೇ ಇರಬೇಕು. ವ್ಯಾಸ 10 ಅಂದರೆ ತ್ರಿಜ್ಯ 5. ವೃತ್ತದ ಮೇಲಿನ ಯಾವ ಬಿಂದುವೂ ವ್ಯಾಸದಿಂದ 5 ಸೆಂ.ಮೀ.ಗಿಂತ ಮೇಲೆ ಹೋಗಲಾರದು. ಎತ್ತರ 6 ಎಲ್ಲಿಂದ ಬರಬೇಕು?

ಇದರಲ್ಲೊಂದು ವಿಪರ್ಯಾಸ ಇದೆ. ಸೂತ್ರವನ್ನು ಉರು ಹೊಡೆದವನು 30 ಅಂತ ಬರೆದು ಅರ್ಧ ನಿಮಿಷದಲ್ಲಿ ಮುಂದೆ ಹೋಗುತ್ತಾನೆ. ಪೈಥಾಗೊರಸ್ ಹಚ್ಚಿ ಬಾಹುಗಳನ್ನು ಹುಡುಕಲು ಹೋದ ಹುಡುಗಿ ಸಿಕ್ಕಿಬೀಳುತ್ತಾಳೆ. ಬಾಹುಗಳ ವರ್ಗಗಳ ಮೊತ್ತ 100, ಗುಣಲಬ್ಧ 60. ಹಾಗಾದರೆ ವ್ಯತ್ಯಾಸದ ವರ್ಗ 100 − 120 = −20. ಋಣ ಸಂಖ್ಯೆ ಬಂದದ್ದು ನೋಡಿ ಆಕೆ ತನ್ನ ಲೆಕ್ಕವೇ ತಪ್ಪಿತು ಅಂದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ. ಕೆಟ್ಟ ಪ್ರಶ್ನೆ ಹೊಡೆಯುವುದು ಹೆಚ್ಚು ತಿಳಿದವರನ್ನೇ. ತಪ್ಪು ಪ್ರಶ್ನೆಯನ್ನು "ಎಲ್ಲರಿಗೂ ಒಂದೇ ಅಲ್ವಾ" ಅಂತ ತಳ್ಳಿಹಾಕುವವರು ಇದನ್ನು ಗಮನಿಸುವುದಿಲ್ಲ.

ಇಂಥ ದೋಷ ಹುಟ್ಟುವ ಜಾಗ ಸಾಮಾನ್ಯವಾಗಿ ಒಂದೇ: ಪಠ್ಯಪುಸ್ತಕದ ಲೆಕ್ಕ ತೆಗೆದುಕೊಂಡು ಒಂದು ಸಂಖ್ಯೆ ಮಾತ್ರ ಬದಲಿಸುವುದು. ಹತ್ತನೇ ತರಗತಿಯಲ್ಲಿ ಒಂದು ಸಮಾಂತರ ಶ್ರೇಢಿಯ ಲೆಕ್ಕ ಇದೆ: ಮೊದಲ ಪದ 5, ಕೊನೆಯ ಪದ 45, ಮೊತ್ತ 400. ಪದಗಳ ಸಂಖ್ಯೆ 800 ÷ 50 = 16. "ಪುಸ್ತಕದ್ದೇ ಕೊಟ್ಟರೆ ಬಾಯಿಪಾಠ ಒಪ್ಪಿಸುತ್ತಾರೆ" ಅಂತ 45 ಅನ್ನು 47 ಮಾಡಿದರೆ 800 ÷ 52 = 15.38. ಹದಿನೈದೂ ಚಿಲ್ಲರೆ ಪದ ಇರುವ ಶ್ರೇಢಿ ಯಾವ ಲೋಕದಲ್ಲಿದೆ? ಸಂಖ್ಯೆ ಬದಲಿಸಬೇಕೆಂದರೆ ಉತ್ತರದ ಕಡೆಯಿಂದ ಹೊರಡಿ. ಪದಗಳು 15, ಮೊದಲ ಪದ 5, ವ್ಯತ್ಯಾಸ 3 ಅಂತ ಮೊದಲೇ ಇಟ್ಟುಕೊಂಡರೆ ಕೊನೆಯ ಪದ 47, ಮೊತ್ತ 390 ತಾನಾಗಿ ಬರುತ್ತವೆ.

ಎರಡು ಉತ್ತರದ ಪ್ರಶ್ನೆಗೆ ಹಳೇ ಕಾರ್ಖಾನೆ ಎಂದರೆ "ಮುಂದಿನ ಸಂಖ್ಯೆ ಯಾವುದು". 2, 4, 8 ಆದ ಮೇಲೆ? 16 ಅನ್ನುತ್ತೀರಿ. ಸ್ಥಾನದ ವರ್ಗದಿಂದ ಸ್ಥಾನವನ್ನು ಕಳೆದು 2 ಕೂಡಿಸಿ ನೋಡಿ: 1ಕ್ಕೆ 2, 2ಕ್ಕೆ 4, 3ಕ್ಕೆ 8, 4ಕ್ಕೆ 14. ಆಯ್ಕೆಗಳಲ್ಲಿ 14, 16 ಎರಡೂ ಇದ್ದರೆ ಜಗಳ ಖಾತ್ರಿ. "ಗುಣೋತ್ತರ ಶ್ರೇಢಿ" ಎಂಬ ಎರಡು ಪದ ಸೇರಿಸಿದ್ದರೆ ಜಗಳವೇ ಇರುತ್ತಿರಲಿಲ್ಲ.

ಇನ್ನೊಂದು: ವರ್ಗ ಸಮೀಕರಣದ ಮೂಲಗಳು ಸಮ ಇದ್ದರೆ ಕೆ ಬೆಲೆ ಎಷ್ಟು ಎಂಬ ಜಾತಿಯ ಲೆಕ್ಕ. ಶೋಧಕವನ್ನು (ಮೂಲಗಳು ಸಮವೇ ಅಲ್ಲವೇ ಎಂದು ತಿಳಿಸುವ ಬೆಲೆಯನ್ನು) ಸೊನ್ನೆಗೆ ಸಮ ಮಾಡಿದಾಗ ಕೆ = 0, ಕೆ = 6 ಎರಡೂ ಬರುತ್ತವೆ ಅನ್ನಿ. ಎಕ್ಸ್ ವರ್ಗದ ಸಹಗುಣಕವೇ ಕೆ ಆಗಿದ್ದರೆ ಕೆ ಸೊನ್ನೆ ಆಗುವಂತಿಲ್ಲ, ಸೊನ್ನೆ ಆದರೆ ಅದು ವರ್ಗ ಸಮೀಕರಣವೇ ಅಲ್ಲ. ಕೀ ಉತ್ತರದಲ್ಲಿ "0 ಅಥವಾ 6" ಅಂತ ಅಚ್ಚಾದರೆ ಸರಿಯಾಗಿ ಯೋಚಿಸಿ 6 ಮಾತ್ರ ಬರೆದ ಮಗುವಿನ ಅರ್ಧ ಅಂಕ ಹೋಯಿತು.

---

ಬಾಸ್ಟನ್_ಕಡೆಯವಳು:

ಹೊರದೇಶದ್ದು ಕೇಳಿದಿರಿ. ಅತಿ ಪ್ರಸಿದ್ಧವಾದದ್ದು ಅಮೆರಿಕದ 1982ರ ಮೇ ತಿಂಗಳ ಎಸ್‌ಎಟಿ. ಅದು ಹೈಸ್ಕೂಲ್ ಪಾಸು ಮಾಡುವ ಪರೀಕ್ಷೆಯಲ್ಲ, ಕಾಲೇಜು ಪ್ರವೇಶದ್ದು. ಆದರೂ ನಮ್ಮ ವಿಷಯಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಪ್ರಶ್ನೆ: ಸಣ್ಣ ವೃತ್ತದ ತ್ರಿಜ್ಯ ದೊಡ್ಡ ವೃತ್ತದ ತ್ರಿಜ್ಯದ ಮೂರನೇ ಒಂದು ಭಾಗ. ಸಣ್ಣದು ದೊಡ್ಡದರ ಹೊರ ಅಂಚಿಗೆ ಒತ್ತಿಕೊಂಡು ಉರುಳುತ್ತಾ ಒಂದು ಸುತ್ತು ಬಂದು ಹೊರಟ ಜಾಗಕ್ಕೆ ಸೇರಿದರೆ, ಅದು ಒಟ್ಟು ಎಷ್ಟು ಸಲ ತಿರುಗಿರುತ್ತದೆ? ಆಯ್ಕೆಗಳು: ಒಂದೂವರೆ, 3, 6, ನಾಲ್ಕೂವರೆ, 9. ಕೀ ಉತ್ತರ 3. ಪರಿಧಿ ಮೂರು ಪಟ್ಟು, ಆದ್ದರಿಂದ ಮೂರು ಸುತ್ತು ಎಂಬ ತರ್ಕ.

ನಿಜವಾದ ಉತ್ತರ 4. ಅದು ಆಯ್ಕೆಗಳಲ್ಲೇ ಇರಲಿಲ್ಲ.

ನಂಬಿಕೆ ಬರದಿದ್ದರೆ ಎರಡು ಒಂದು ರೂಪಾಯಿ ನಾಣ್ಯ ತೆಗೆದುಕೊಳ್ಳಿ, ಒಂದೇ ಅಳತೆಯವು. ಒಂದನ್ನು ಮೇಜಿಗೆ ಒತ್ತಿ ಹಿಡಿಯಿರಿ. ಇನ್ನೊಂದನ್ನು ಅದರ ನೆತ್ತಿಯ ಮೇಲೆ ನೆಟ್ಟಗೆ ಇಟ್ಟು, ಜಾರದಂತೆ ಅಂಚಿನ ಗುಂಟ ಉರುಳಿಸಿ. ಕೆಳಗಡೆಗೆ ಬರುವಷ್ಟರಲ್ಲಿ, ಅಂದರೆ ಅರ್ಧ ದಾರಿಯಲ್ಲೇ, ಸಿಂಹಗಳು ಮತ್ತೆ ನೆಟ್ಟಗೆ ನಿಂತಿರುತ್ತವೆ. ಪೂರ್ತಿ ಸುತ್ತಿಗೆ ಎರಡು ತಿರುವು, ಒಂದಲ್ಲ. ನೇರ ದಾರಿಯಲ್ಲಿ ಉರುಳಿದ್ದರೆ ಒಂದೇ ಆಗುತ್ತಿತ್ತು. ದಾರಿಯೇ ದುಂಡಗೆ ಇರುವುದರಿಂದ ಒಂದು ತಿರುವು ಹೆಚ್ಚಿಗೆ ಸೇರುತ್ತದೆ. ಲೆಕ್ಕದಲ್ಲಿ ಹೇಳುವುದಾದರೆ, ಸಣ್ಣ ವೃತ್ತದ ಕೇಂದ್ರ ಸಾಗುವ ದಾರಿಯನ್ನು ನೋಡಿ. ತ್ರಿಜ್ಯಗಳು 1 ಮತ್ತು 3 ಆದರೆ ಕೇಂದ್ರ ಸುತ್ತುವುದು 4 ತ್ರಿಜ್ಯದ ವೃತ್ತದ ಮೇಲೆ. 4 ÷ 1 = 4.

ಸುಮಾರು 3 ಲಕ್ಷ ವಿದ್ಯಾರ್ಥಿಗಳು ಬರೆದಿದ್ದ ಪರೀಕ್ಷೆ ಅದು. ಪ್ರಶ್ನೆ ತಪ್ಪು ಅಂತ ಕಾಗದ ಬರೆದವರು ಮೂರೇ ಜನ. ಕೊನೆಗೆ ಆ ಪ್ರಶ್ನೆಯನ್ನು ಕಿತ್ತುಹಾಕಿ ಎಲ್ಲರ ಅಂಕವನ್ನೂ ಮತ್ತೆ ಲೆಕ್ಕ ಹಾಕಬೇಕಾಯಿತು.

ಅದಕ್ಕೂ ಮುಂಚೆ, 1980ರ ಅಕ್ಟೋಬರ್‌ನ ಪಿಎಸ್‌ಎಟಿಯಲ್ಲಿ (ಎಸ್‌ಎಟಿಗೆ ಮುಂಚಿನ ಪೂರ್ವಭಾವಿ ಪರೀಕ್ಷೆ) ಇನ್ನೊಂದು. ಚೌಕ ಪಾದದ ಪಿರಮಿಡ್, ಅದರ ನಾಲ್ಕೂ ಬದಿ ಸಮಬಾಹು ತ್ರಿಭುಜ. ಜೊತೆಗೆ ಅದೇ ಅಳತೆಯ ಸಮಬಾಹು ತ್ರಿಭುಜಗಳಿಂದ ಆದ ನಾಲ್ಕು ಮುಖದ ಘನಾಕೃತಿ. ಎರಡನ್ನೂ ತ್ರಿಭುಜಕ್ಕೆ ತ್ರಿಭುಜ ಸೇರಿಸಿ ಅಂಟಿಸಿದರೆ ಹೊರಗೆ ಎಷ್ಟು ಮುಖ? ಕೀ ಉತ್ತರ 7: 5 + 4, ಅಂಟಿ ಮರೆಯಾದ ಎರಡನ್ನು ಕಳೆಯಿರಿ. ಸರಿಯಾದ ಉತ್ತರ 5. ಅಂಟಿಸಿದ ಜಾಗದ ಎರಡೂ ಪಕ್ಕದಲ್ಲಿ ಪಿರಮಿಡ್ಡಿನ ಒಂದು ಬದಿ, ಘನಾಕೃತಿಯ ಒಂದು ಬದಿ ಒಂದೇ ಸಮತಲಕ್ಕೆ ಬಂದು ಬೆಸೆದುಹೋಗುತ್ತವೆ. ಇಂಥ ಎರಡು ಪಿರಮಿಡ್ಡುಗಳನ್ನು ಪಾದದ ಅಂಚಿಗೆ ಅಂಚು ತಾಗಿಸಿ ಮೇಜಿನ ಮೇಲೆ ಇಟ್ಟರೆ ಇದು ಕಣ್ಣಿಗೇ ಕಾಣುತ್ತದೆ. ಎರಡು ತುದಿಗಳ ನಡುವಿನ ಅಂತರ ಪಾದದ ಅಂಚಿನಷ್ಟೇ, ಹಾಗಾಗಿ ನಡುವಿನ ಕಣಿವೆಯಲ್ಲಿ ಆ ನಾಲ್ಕು ಮುಖದ ಘನಾಕೃತಿ ಕರಾರುವಾಕ್ಕಾಗಿ ಕೂರುತ್ತದೆ, ಮುಂಬದಿ ಒಂದೇ ಗೋಡೆಯಂತೆ ನುಣ್ಣಗೆ. ಫ್ಲಾರಿಡಾದ 17 ವರ್ಷದ ಹುಡುಗನೊಬ್ಬ ಇದನ್ನು ಎತ್ತಿ ತೋರಿಸಿದ.

ಎರಡರಲ್ಲೂ ಕೂಡು-ಕಳೆ ತಪ್ಪಿಲ್ಲ. ಚಿತ್ರ ಬರೆದು, ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿದವರಿಲ್ಲ ಅಷ್ಟೆ.

ಈಗ ಪಾಸು-ಫೇಲಿನ ಪರೀಕ್ಷೆಗೆ ಬರುತ್ತೇನೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 2003ರಲ್ಲಿ ಹೊರಬಂದ ಬ್ಯಾಚಿನಿಂದ ಎಂಸಿಎಎಸ್ ಎಂಬ ರಾಜ್ಯದ ಪರೀಕ್ಷೆ ಪಾಸಾಗದೆ ಹೈಸ್ಕೂಲ್ ಡಿಪ್ಲೊಮಾ ಇಲ್ಲ ಅಂತ ಆಗಿತ್ತು. ಆ ಹೊತ್ತಿನಲ್ಲೇ ಗಣಿತದ ಒಂದು ಬಹು ಆಯ್ಕೆ ಪ್ರಶ್ನೆಯಲ್ಲಿ, ಪತ್ರಿಕೆ ತಯಾರಿಸಿದವರಿಗೆ ಹೊಳೆಯದ ಇನ್ನೊಂದು ಕ್ರಮ ಹಿಡಿದರೆ ಬೇರೆ ಆಯ್ಕೆಯೂ ಸರಿ ಅಂತ ವಿದ್ಯಾರ್ಥಿನಿಯೊಬ್ಬಳು ತೋರಿಸಿದಳು. ಅದನ್ನು ಒಪ್ಪಿ ಅಂಕ ಕೊಟ್ಟದ್ದೇ ತಡ, ಫೇಲ್ ಅನ್ನಿಸಿಕೊಂಡಿದ್ದ ನಾನೂರಕ್ಕೂ ಹೆಚ್ಚು ಮಕ್ಕಳು ಪಾಸಾದರು. ಒಂದೇ ಒಂದು ಅಂಕದ ಪ್ರಶ್ನೆ! ಗಡಿಯಂಚಿನಲ್ಲಿ ಅಷ್ಟು ಜನ ನಿಂತಿರುತ್ತಾರೆ. ಡಿಪ್ಲೊಮಾಕ್ಕೆ ಎಂಸಿಎಎಸ್ ಕಡ್ಡಾಯ ಎಂಬ ನಿಯಮವನ್ನೇ 2024ರ ನವೆಂಬರ್‌ನಲ್ಲಿ ಮತದಾರರು ತೆಗೆದುಹಾಕಿದರು. ಪರೀಕ್ಷೆ ಇದೆ, ಕುಣಿಕೆ ಇಲ್ಲ.

---

ಲಸಾಅ_ಮಸಾಅ:

ಎರಡನೇ ಪ್ರಶ್ನೆಗೆ, ಅಂದರೆ ಅಂಕ ಹಂಚಿಕೆಗೆ, ಉತ್ತರ ಕೊಡುತ್ತೇನೆ. "ಎಲ್ಲರಿಗೂ ಪೂರ್ತಿ ಅಂಕ" ಎಂಬುದು ಸುಲಭದ ದಾರಿ. ಅದು ಯಾವಾಗಲೂ ನ್ಯಾಯದ ದಾರಿಯಲ್ಲ.

80 ಅಂಕದ ಪತ್ರಿಕೆಯಲ್ಲಿ 4 ಅಂಕದ ಪ್ರಶ್ನೆ ಕೆಟ್ಟಿದೆ ಅನ್ನಿ. ಎರಡು ದಾರಿ ಇವೆ. ಒಂದು, ಎಲ್ಲರಿಗೂ 4 ಕೊಡುವುದು. ಇನ್ನೊಂದು, ಪ್ರಶ್ನೆಯನ್ನು ತೆಗೆದು ಉಳಿದ 76ರಲ್ಲಿ ಬಂದದ್ದನ್ನು 80ಕ್ಕೆ ಹಿಗ್ಗಿಸುವುದು. ಉಳಿದ ಪ್ರಶ್ನೆಗಳಲ್ಲಿ 60 ಪಡೆದವನಿಗೆ ಮೊದಲ ದಾರಿಯಲ್ಲಿ 64, ಎರಡನೆಯದರಲ್ಲಿ 63.16. ವ್ಯತ್ಯಾಸ ಒಂದಕ್ಕಿಂತ ಕಡಿಮೆ. ಆದರೆ 24 ಪಡೆದವನಿಗೆ ಮೊದಲ ದಾರಿಯಲ್ಲಿ 28, ಎರಡನೆಯದರಲ್ಲಿ 25.26. ಪಾಸಿನ ಗಡಿ ಅಲ್ಲೇ ಎಲ್ಲೋ ಇದ್ದರೆ ಯಾವ ದಾರಿ ಹಿಡಿಯುತ್ತೀರಿ ಎನ್ನುವುದರ ಮೇಲೆ ಅವನ ಹಣೆಬರಹ ನಿಂತಿದೆ. 76ಕ್ಕೆ 76 ತೆಗೆದವಳಿಗೆ ಎರಡರಲ್ಲೂ 80, ಅವಳಿಗೆ ಏನೂ ಆಗದು. ಹಾಗಾಗಿ ಪಾಸು-ಫೇಲಿನ ಪರೀಕ್ಷೆಗೆ ಪೂರ್ತಿ ಅಂಕ ಕೊಡುವುದೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ತಪ್ಪು ಮಾಡಿದ್ದು ಪರೀಕ್ಷೆ ನಡೆಸುವವರು, ಗಡಿಯಲ್ಲಿರುವ ಮಗುವಿಗೆ ಅನುಮಾನದ ಲಾಭ ಸಿಗಬೇಕು.

ರ‍್ಯಾಂಕಿನ ಪರೀಕ್ಷೆಯಲ್ಲಿ ಕಥೆಯೇ ಬೇರೆ. ಎರಡು ಉತ್ತರ ಸರಿ ಇರುವ ಪ್ರಶ್ನೆಗೆ ಎಲ್ಲರಿಗೂ ಅಂಕ ಹಂಚಿದರೆ, ಸರಿ ಉತ್ತರ ಬರೆದವನ ಶ್ರಮ ನೀರುಪಾಲು. ಅಲ್ಲಿ ಎರಡೂ ಉತ್ತರಕ್ಕೆ ಕೊಡಿ, ಉಳಿದವರಿಗೆ ಬೇಡ. ಐಐಟಿ ಪ್ರವೇಶದ 2017ರ ಜೆಇಇ ಅಡ್ವಾನ್ಸ್‌ಡ್‌ನಲ್ಲಿ ಎಲ್ಲರಿಗೂ 18 ಬೋನಸ್ ಅಂಕ ಕೊಟ್ಟದ್ದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಜುಲೈನಲ್ಲಿ ಕೆಲವು ದಿನ ಕೌನ್ಸೆಲಿಂಗ್ ನಿಂತು, ಆಮೇಲೆ ಮುಂದುವರಿಯಿತು. "ಪ್ರಯತ್ನಿಸಿದವರಿಗೆ ಮಾತ್ರ" ಎಂಬ ಸೂತ್ರವೂ ಅಷ್ಟು ಚೊಕ್ಕವಲ್ಲ. ಋಣ ಅಂಕ ಇರುವ ಕಡೆ, ಪ್ರಶ್ನೆ ತಪ್ಪು ಅಂತ ಅರ್ಥವಾಗಿ ಬಿಟ್ಟವನಿಗೆ ಸೊನ್ನೆ, ಕಣ್ಣು ಮುಚ್ಚಿ ಯಾವುದೋ ಉತ್ತರ ಗುರುತಿಸಿದವನಿಗೆ 4. ಬರೆಯುವ ಪರೀಕ್ಷೆಯಲ್ಲಾದರೆ ಪ್ರಶ್ನೆ ಸಂಖ್ಯೆ ಮಾತ್ರ ಹಾಕಿ ಗೆರೆ ಎಳೆದಿದ್ದೂ ಪ್ರಯತ್ನವೇ?

ಯಾವ ದಾರಿ ಹಿಡಿದರೂ ಹೋದ ಸಮಯ ವಾಪಸ್ ಬರುವುದಿಲ್ಲ. 180 ನಿಮಿಷಕ್ಕೆ 80 ಅಂಕ, ಅಂದರೆ ಅಂಕಕ್ಕೆ ಎರಡೂಕಾಲು ನಿಮಿಷ. 4 ಅಂಕದ ಪ್ರಶ್ನೆಗೆ ಹಕ್ಕಿನ ಸಮಯ 9 ನಿಮಿಷ. ಕೆಟ್ಟ ಪ್ರಶ್ನೆಯ ಮೇಲೆ 20 ನಿಮಿಷ ಕಳೆದವರು ಬೇರೆ ಕಡೆ 5 ಅಂಕದಷ್ಟು ಸಮಯ ಕಳೆದುಕೊಂಡಿರುತ್ತಾರೆ. ಇಂಗ್ಲೆಂಡಿನಲ್ಲಿ 2011ರ ಎಎಸ್ ಹಂತದ (ನಮ್ಮ ಪಿಯು ಮೊದಲ ವರ್ಷದಂಥದ್ದು) ಗಣಿತ ಪತ್ರಿಕೆಯೊಂದರಲ್ಲಿ 72ಕ್ಕೆ 8 ಅಂಕದ ಪ್ರಶ್ನೆಯೇ ಬಿಡಿಸಲಾಗದ್ದಾಗಿತ್ತು. ಅಲ್ಲೂ ದೊಡ್ಡ ದೂರು ಇದೇ: 8 ಅಂಕ ಕೊಡುತ್ತೀರಿ ಸರಿ, ಅದರ ಮೇಲೆ ಕುಳಿತ ಹೊತ್ತಿಗೆ ಏನು ಕೊಡುತ್ತೀರಿ?

ತಪ್ಪು ಪ್ರಶ್ನೆ ಬೇರೆ, ತಪ್ಪು ಕೀ ಬೇರೆ. 2000ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಪ್ರಶ್ನೆಗಳು ಚೆನ್ನಾಗಿಯೇ ಇದ್ದವು. ಡಿಪ್ಲೊಮಾಗೆ ಬೇಕಾದ ಗಣಿತ ಪರೀಕ್ಷೆಯ ಒಂದು ಆವೃತ್ತಿಯಲ್ಲಿ 68ರಲ್ಲಿ 6 ಪ್ರಶ್ನೆಗೆ ಅಂಕ ಎಣಿಸುವ ಕಂಪನಿ ಬಳಸಿದ ಕೀ ತಪ್ಪಿತ್ತು. ಸುಮಾರು 8,000 ಮಕ್ಕಳು ಪಾಸಾಗಿಯೂ ಫೇಲ್ ಆದರು. ಹೊರಬಂದದ್ದು ಹೇಗೆ ಗೊತ್ತೇ? ಫೇಲಾದ ಹುಡುಗಿಯೊಬ್ಬಳ ತಂದೆ, ಪ್ರಶ್ನೆಪತ್ರಿಕೆ ಮತ್ತು ಉತ್ತರ ತೋರಿಸಿ ಅಂತ ಹಟ ಹಿಡಿದು ಕೂತರು. ತೋರಿಸಿದಾಗ ಕೀ ತಪ್ಪಿರುವುದು ಎದ್ದು ಕಂಡಿತು.

ಮೂರನೇ ಜಾತಿ: ಪ್ರಶ್ನೆ ಸರಿ, ಕೀ ಸರಿ, ಅಳತೆಗೋಲು ತಪ್ಪು. ನ್ಯೂಯಾರ್ಕ್ ರಾಜ್ಯದ ಹೈಸ್ಕೂಲ್ ಪರೀಕ್ಷೆಯಾದ ರೀಜೆಂಟ್ಸ್‌ನ 'ಮ್ಯಾಥ್ ಎ', 2003ರ ಜೂನ್. ಪತ್ರಿಕೆ ಹಿಂದಿನವಕ್ಕಿಂತ ಎಷ್ಟೋ ಕಠಿಣವಾಗಿತ್ತು, ರಾಶಿ ರಾಶಿ ಮಕ್ಕಳು ಫೇಲಾದರು. ಮೇಲಿನ ಎರಡು ತರಗತಿಗಳವರ ಫಲಿತಾಂಶವನ್ನೇ ಬದಿಗಿಟ್ಟು, ಆಮೇಲೆ ಅಂಕ ಪರಿವರ್ತನೆಯ ಪಟ್ಟಿಯನ್ನು ತಿದ್ದಬೇಕಾಯಿತು. ಇಂಥದ್ದನ್ನು ಪ್ರಶ್ನೆವಾರು ಆಕ್ಷೇಪಣೆಯಿಂದ ಸರಿಪಡಿಸಲು ಆಗುವುದಿಲ್ಲ.

---

ಕೈವಾರ:

ಲಸಾಅ ಅವರೇ, ಪಾಸಿನ ಪರೀಕ್ಷೆಗೂ ಕಣ್ಣು ಮುಚ್ಚಿ ಪೂರ್ತಿ ಅಂಕ ಕೊಡಬೇಕೆನ್ನುವುದು ನನಗೆ ಒಪ್ಪಿಗೆಯಿಲ್ಲ. ಎಸ್ಸೆಸ್ಸೆಲ್ಸಿ ಅಂಕ ಪಾಸಿಗಷ್ಟೇ ಅಲ್ಲ, ಪಿಯು ಸೀಟಿಗೂ ಅದೇ. ಪಾಸಾಗಲು ಬೇಕಾದ ಲೆಕ್ಕಕ್ಕೆ ಕೃಪಾಂಕ, ಶೇಕಡಾವಾರಿಗೆ ಹಿಗ್ಗಿಸಿದ ಅಂಕ, ಹೀಗೆ ಎರಡನ್ನೂ ಹಾಕಿ ಯಾವುದು ಹೆಚ್ಚೋ ಅದನ್ನು ಕೊಡಲಿ.

---

ಲಸಾಅ_ಮಸಾಅ:

ನಾಲ್ಕು ಅಂಕದ ಪ್ರಶ್ನೆಯಲ್ಲಿ ಯಾವಾಗಲೂ ಕೃಪಾಂಕವೇ ಹೆಚ್ಚು ಬರುತ್ತದೆ ಸರ್. 76ಕ್ಕಿಂತ ಕಡಿಮೆ ಇರುವ ಯಾವ ಸಂಖ್ಯೆ ಹಾಕಿದರೂ ಅಷ್ಟೇ, ಲೆಕ್ಕ ಹಾಕಿ ನೋಡಿ. ನಿಮ್ಮ "ಯಾವುದು ಹೆಚ್ಚೋ ಅದು" ಕೊನೆಗೆ ನನ್ನ ದಾರಿಗೇ ಬರುತ್ತದೆ :)

---

ಮಾರ್ಜಿನ್_ಗೆರೆ:

ಮೂರನೇ ಪ್ರಶ್ನೆಗೆ. ಆಕ್ಷೇಪಣೆ ಓದುವವರ ಮುಂದೆ ರಾಶಿ ಇರುತ್ತದೆ. "ಪ್ರಶ್ನೆ ಗೊಂದಲಮಯ, ನ್ಯಾಯ ಕೊಡಿಸಿ" ಎಂದರೆ ಪಕ್ಕಕ್ಕೆ ಹೋಗುತ್ತದೆ. ಮೊದಲ ಸಾಲಿನಲ್ಲಿ ಪತ್ರಿಕೆಯ ಸಂಕೇತ, ಮಾಧ್ಯಮ, ಪ್ರಶ್ನೆ ಸಂಖ್ಯೆ. ಎರಡನೆಯದರಲ್ಲಿ ಪ್ರಶ್ನೆಯನ್ನು ಅಚ್ಚಾದ ಹಾಗೆಯೇ, ಒಂದು ಅಲ್ಪವಿರಾಮವನ್ನೂ ಬಿಡದೆ. ಆಮೇಲೆ ಪ್ರಕಟವಾದ ಕೀ ಉತ್ತರ. ಆಮೇಲೆ ತಪ್ಪು ಯಾವ ಜಾತಿಯದು ಅಂತ ಒಂದೇ ವಾಕ್ಯ: ಉತ್ತರ ಇಲ್ಲ, ಎರಡಿದೆ, ಅಥವಾ ಕೀ ತಪ್ಪು. ನಂತರ ಮೂರು-ನಾಲ್ಕು ಸಾಲಿನ ಸಾಧನೆ, ಪಠ್ಯಪುಸ್ತಕದ ಪ್ರಮೇಯದ ಹೆಸರು, ಪುಟ ಸಂಖ್ಯೆ. ಕೊನೆಗೆ ಏನು ಬೇಕು ಅಂತ ಸ್ಪಷ್ಟವಾಗಿ: ಎರಡೂ ಉತ್ತರ ಒಪ್ಪಬೇಕೇ, ಎಲ್ಲರಿಗೂ ಅಂಕ ಬೇಕೇ. ಚಾಕ್‌ಪುಡಿ ಅವರ ತ್ರಿಭುಜಕ್ಕಾದರೆ ಸಾಧನೆ ಎರಡೇ ಸಾಲು: ಅರ್ಧವೃತ್ತದಲ್ಲಿನ ಕೋನ ಲಂಬ, ಆದ್ದರಿಂದ ಎತ್ತರ 5 ಮೀರದು, ದತ್ತಾಂಶ 6.

ಎಸ್ಸೆಸ್ಸೆಲ್ಸಿಯಲ್ಲಿ ಮಂಡಳಿ ಕೀ ಉತ್ತರಗಳನ್ನು ಜಾಲತಾಣದಲ್ಲಿ ಹಾಕಿ ಆಕ್ಷೇಪಣೆ ಕರೆಯುತ್ತದೆ. ಗಡುವು ಕೆಲವೇ ದಿನ. ಅದರೊಳಗೆ ಹಾಕಿದ್ದಕ್ಕೆ ಬೆಲೆ ಜಾಸ್ತಿ, ಯಾಕೆಂದರೆ ಮೌಲ್ಯಮಾಪನಕ್ಕೆ ಮುಂಚೆಯೇ ಕೀ ತಿದ್ದಿದರೆ ಎಲ್ಲ ಮಕ್ಕಳಿಗೂ ಒಂದೇ ಸಲ ಲಾಭ. ಫಲಿತಾಂಶದ ನಂತರ ಸ್ಕ್ಯಾನ್ ಪ್ರತಿ, ಮರುಎಣಿಕೆ, ಮರುಮೌಲ್ಯಮಾಪನ ಇವೆಲ್ಲ ಒಬ್ಬೊಬ್ಬರ ದಾರಿ. ತನ್ನ ಉತ್ತರ ಪತ್ರಿಕೆ ನೋಡುವುದು ವಿದ್ಯಾರ್ಥಿಯ ಹಕ್ಕು ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಮಾಹಿತಿ ಹಕ್ಕಿನಡಿ ಹೇಳಿಯಾಗಿದೆ. ಆ ಮಿನೆಸೋಟಾದ ತಂದೆ ಹಟ ಮಾಡಿ ಪಡೆದದ್ದು ಇಲ್ಲಿ ಅರ್ಜಿ ಹಾಕಿದರೆ ಸಿಗುತ್ತದೆ.

ಕೋರ್ಟಿಗೆ ಹೋಗುವ ಯೋಚನೆ ಇದ್ದವರಿಗೆ ಒಂದು ಮಾತು. ಕಾನ್ಪುರ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 1983ರ ತೀರ್ಪಿನ ಪ್ರಕಾರ ಕೀ ಉತ್ತರ ಸರಿ ಎಂದೇ ಮೊದಲು ಹಿಡಿಯಬೇಕು. ಆ ವಿಷಯ ಬಲ್ಲ ಯಾರೂ ಅದನ್ನು ಸರಿ ಅನ್ನಲಾರರು ಎಂಬಷ್ಟು ಸ್ಪಷ್ಟವಾಗಿ ತಪ್ಪಿದ್ದರೆ ಮಾತ್ರ ಕೋರ್ಟ್ ಕೈಹಾಕುತ್ತದೆ. 2017ರ ಡಿಸೆಂಬರ್‌ನ ಇನ್ನೊಂದು ತೀರ್ಪು, ಅನುಮಾನ ಇದ್ದರೆ ಲಾಭ ಪರೀಕ್ಷೆ ನಡೆಸುವವರಿಗೆ, ಅಭ್ಯರ್ಥಿಗಲ್ಲ ಎಂದಿದೆ. ಗಣಿತದವರ ಅದೃಷ್ಟ ಎಂದರೆ ನಮ್ಮಲ್ಲಿ ಸ್ಪಷ್ಟವಾಗಿ ತೋರಿಸುವುದು ಸಾಧ್ಯ. "ಹೀಗೂ ಅರ್ಥ ಮಾಡಬಹುದು" ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ, −20ರ ವರ್ಗಮೂಲ ನಿಲ್ಲುತ್ತದೆ.

ಕನ್ನಡ ಮಾಧ್ಯಮದ ಪತ್ರಿಕೆಯನ್ನು ಇಂಗ್ಲಿಷ್ ಪ್ರತಿಯ ಜೊತೆ ಇಟ್ಟು ಓದುವುದನ್ನು ಮರೆಯಬೇಡಿ. ಕರ್ಣ-ವಿಕರ್ಣ ಅದಲುಬದಲಾಗುವುದು, "ಕನಿಷ್ಠ" ಬಿಟ್ಟುಹೋಗುವುದು, "ಒಂದು" ಇರುವಲ್ಲಿ "ಒಂದೇ" ಬರುವುದು, ವ್ಯಾಸದ ಜಾಗದಲ್ಲಿ ತ್ರಿಜ್ಯ ಕೂರುವುದು. ಇಂಗ್ಲಿಷಿನಲ್ಲಿ ಸರಿಯಾಗಿರುವ ಪ್ರಶ್ನೆ ಕನ್ನಡದಲ್ಲಿ ಕೆಟ್ಟಿದ್ದರೆ ಪೆಟ್ಟು ಬೀಳುವುದು ಒಂದು ಮಾಧ್ಯಮದವರಿಗೆ ಮಾತ್ರ, ಅದಕ್ಕೇ ಅದು ಬೇಗ ಸುದ್ದಿಯಾಗುವುದಿಲ್ಲ.

---

ಚಾಕ್‌ಪುಡಿ:

ಎಲ್ಲರಿಗೂ ಧನ್ಯವಾದ. ನಾಣ್ಯ ಉರುಳಿಸಿ ನೋಡಿದೆ, ಎರಡೇ ಸುತ್ತು! ಅಚ್ಚಿಗೆ ಹೋಗುವ ಮುಂಚೆ ಹಿಡಿಯುವುದಕ್ಕೆ ಒಂದು ಕ್ರಮ ಹೇಳಿಬಿಡಿ. ಆ ತ್ರಿಭುಜದ ಪ್ರಶ್ನೆಯನ್ನು ಉಳಿಸಿಕೊಳ್ಳಲು ಆಗುತ್ತದೆಯೇ?

---

ಕೈವಾರ:

ಕ್ರಮ ಅಂದರೆ, ಕೀ ನೋಡದ ಇಬ್ಬರು ಪತ್ರಿಕೆಯನ್ನು ಪೂರ್ತಿ ಬಿಡಿಸಬೇಕು, ಒಬ್ಬರು ಕನ್ನಡದ್ದು, ಒಬ್ಬರು ಇಂಗ್ಲಿಷಿನದು. ಬಿಡಿಸುವಾಗ ಸೂತ್ರ ಹಚ್ಚಿ ಬಿಟ್ಟರೆ ಸಾಲದು. ರೇಖಾಗಣಿತದ ಪ್ರತಿ ಚಿತ್ರವನ್ನೂ ಕೊಟ್ಟ ಅಳತೆಗೇ ಕೈವಾರ, ಅಳತೆಪಟ್ಟಿ ಹಿಡಿದು ಎಳೆಯಬೇಕು. ಎಳೆಯಲು ಬರದ ಚಿತ್ರ ಅಲ್ಲೇ ಸಿಕ್ಕಿಬೀಳುತ್ತದೆ. ಬಹು ಆಯ್ಕೆಯಲ್ಲಿ ಸರಿ ಉತ್ತರ ಸಿಕ್ಕಿತು ಅಂತ ನಿಲ್ಲಿಸದೆ, ಉಳಿದ ಮೂರು ಯಾಕೆ ತಪ್ಪು ಅಂತ ಒಂದೊಂದು ಸಾಲು ಬರೆಯಬೇಕು. ಬರೆಯಲು ಆಗದಿದ್ದರೆ ಅದೂ ಸರಿ ಉತ್ತರವೇ ಇರಬಹುದು. ತಿದ್ದಿದ ಮೇಲೆ ಮತ್ತೊಮ್ಮೆ ಬಿಡಿಸಿ. ಕೊನೇ ಗಳಿಗೆಯಲ್ಲಿ ಒಂದು ಸಂಖ್ಯೆ ತಿದ್ದಿ ಕೀ ತಿದ್ದದೆ ಬಿಡುವುದೇ ಹೆಚ್ಚು.

ನಿಮ್ಮ ಪ್ರಶ್ನೆ ಉಳಿಯುತ್ತದೆ. 6ರ ಜಾಗದಲ್ಲಿ 4.8 ಹಾಕಿ. ಬಾಹುಗಳು 6 ಮತ್ತು 8 ಆಗುತ್ತವೆ, ವಿಸ್ತೀರ್ಣ 24, ಯಾವ ದಾರಿಯಲ್ಲಿ ಹೋದರೂ ಅದೇ. ಆಯ್ಕೆಗಳಲ್ಲಿ 48 ಇಡಿ, ಅರ್ಧ ಮರೆತವರು ಅಲ್ಲಿಗೆ ಹೋಗುತ್ತಾರೆ.